ಗಂಡ ತೀರಿಕೊಂಡ ಮೇಲೆ ಅವನ ಮಗು: ಸಹಿ ಏನು ಹೇಳುತ್ತೆ, ಸ್ಯಾಂಪಲ್ ಯಾರದು, ಜಮೀನಿನ ಪಾಲು ಹೇಗೆ?

ನಾಲೆಬಯಲು (ಮಂಡ್ಯ)

ಈ ಕಡೆ ಈಗೀಗ ಕೇಳಿಬರುತ್ತಿರುವ ಪ್ರಶ್ನೆ. ಕೀಮೋ ಶುರುವಾಗುವ ಮುಂಚೆ ಗಂಡ ವೀರ್ಯ ಫ್ರೀಜ್ ಮಾಡಿಸಿರುತ್ತಾನೆ, ಆಮೇಲೆ ತೀರಿಕೊಳ್ಳುತ್ತಾನೆ, ಮಕ್ಕಳಿಲ್ಲ ಅಂತಿಟ್ಟುಕೊಳ್ಳಿ. ಹೆಂಡತಿ ಆ ಸ್ಯಾಂಪಲ್‌ನಿಂದ ಗರ್ಭ ಧರಿಸಬಹುದಾ? ಅವಳು ಒಲ್ಲೆ ಅಂದರೆ ಅತ್ತೆ-ಮಾವ ಬಾಡಿಗೆ ತಾಯಿ ಮೂಲಕ ಮೊಮ್ಮಗು ಪಡೆಯಬಹುದಾ? ಹಾಗೆ ಹುಟ್ಟಿದ ಮಗುವಿಗೆ ಅಪ್ಪನ ಜಮೀನಿನಲ್ಲಿ ಪಾಲು ಬರುತ್ತಾ? ಟಿವಿ ಚರ್ಚೆ ತರಹ ಬೇಡ, ಸೆಕ್ಷನ್ ಮತ್ತು ಲ್ಯಾಬ್ ಕೆಲಸ ಗೊತ್ತಿರುವವರು ಬರೆಯಿರಿ.

ಲಷ್ಕರ್ ವಕೀಲ (ಮೈಸೂರು)

ಮೊದಲ ಪ್ರಶ್ನೆಗೆ ಉತ್ತರ ಸ್ಯಾಂಪಲ್ ಕೊಟ್ಟ ದಿನ ತುಂಬಿದ ಒಪ್ಪಿಗೆ ಪತ್ರದಲ್ಲೇ ಇರುತ್ತೆ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ (ಎಲ್ಲರೂ ಎಆರ್‌ಟಿ ಕಾಯ್ದೆ ಅಂತಾರೆ) 2021ರಲ್ಲಿ ಪಾಸಾಗಿ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 22 ಪ್ರಕಾರ ವೀರ್ಯ, ಅಂಡಾಣು, ಭ್ರೂಣ ಯಾವುದನ್ನು ಫ್ರೀಜ್ ಮಾಡಬೇಕಾದರೂ, ಸಂಬಂಧಪಟ್ಟವರು ಸತ್ತರೆ ಅಥವಾ ಪ್ರಜ್ಞೆ ಕಳೆದುಕೊಂಡರೆ ಅದನ್ನು ಏನು ಮಾಡಬೇಕು ಅನ್ನುವ ಲಿಖಿತ ಸೂಚನೆಯನ್ನು ಕ್ಲಿನಿಕ್ ಮೊದಲೇ ಪಡೆದಿರಬೇಕು. ಅದಿಲ್ಲದೆ ಫ್ರೀಜ್ ಮಾಡುವಂತೆಯೇ ಇಲ್ಲ.

ಸೂಚನೆಯಲ್ಲಿ "ಹೆಂಡತಿ ಬಳಸಬಹುದು" ಅಂತ ಇದ್ದರೆ ದಾರಿ ಹೆಚ್ಚುಕಮ್ಮಿ ತೆರೆದಿದೆ. 21 ದಾಟಿದ, 50 ಆಗದ ಹೆಣ್ಣುಮಗಳು ಒಂಟಿಯಾಗಿಯೂ ಕ್ಲಿನಿಕ್‌ಗೆ ಹೋಗಬಹುದು, ಮದುವೆಯ ಷರತ್ತಿಲ್ಲ. "ನಾಶಪಡಿಸಿ" ಅಂತ ಗುರುತು ಹಾಕಿದ್ದರೆ ಕಷ್ಟ. 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಬಂದದ್ದು ಇಂಥದ್ದೇ. ಮದುವೆಯಾಗದ ಮಗ, ಕೀಮೋಗೆ ಮುಂಚೆ ಸ್ಯಾಂಪಲ್ ಇಟ್ಟವನು, ತಾನು ಸತ್ತರೆ ಅದನ್ನು ತೆಗೆದುಹಾಕಿ ಅಂತ ಸಹಿ ಮಾಡಿದ್ದ. ತಾಯಿ ಕೋರ್ಟಿಗೆ ಹೋದರು. ಅರ್ಜಿ ಇತ್ಯರ್ಥವಾಗುವ ಮುಂಚೆಯೇ ಸ್ಯಾಂಪಲ್ ನಾಶವಾದರೆ ಅರ್ಜಿಗೆ ಅರ್ಥವೇ ಉಳಿಯಲ್ಲ ಅಂತ ಕೋರ್ಟ್ ಸದ್ಯಕ್ಕೆ ಕಾಪಾಡಿಡಲು ಮಧ್ಯಂತರ ಆದೇಶ ಕೊಟ್ಟಿತು. ಕಾಪಾಡಿಡಿ ಅಂದಿದ್ದಷ್ಟೇ, ಬಳಸಿ ಅಂದಿದ್ದಲ್ಲ.

ಕೌಂಟರಿನಲ್ಲಿ ಹತ್ತು ಕಾಗದಕ್ಕೆ ಒಟ್ಟಿಗೆ ಸಹಿ ಹಾಕಿಸಿಕೊಳ್ಳುವಾಗ ಈ ಒಂದು ಸಾಲನ್ನು ಯಾರೂ ಓದಿಸುವುದಿಲ್ಲ, ಕೇಸೆಲ್ಲ ಅಲ್ಲೇ ಹುಟ್ಟೋದು.

ಶೈತ್ಯ_196

ಲ್ಯಾಬ್ ಕಡೆಯಿಂದ. ಕಾಯಿಲೆ ಗೊತ್ತಾದ ಮೇಲೆ, ಮೊದಲ ಕೀಮೋ ಡೋಸ್‌ಗೆ ಮುಂಚೆಯೇ ಸ್ಯಾಂಪಲ್ ಕೊಡಬೇಕು. ಔಷಧ ಮೈಗೆ ಹೋದ ಮೇಲೆ ತೆಗೆದ ವೀರ್ಯಾಣುವಿನ ಡಿಎನ್‌ಎಗೆ ಪೆಟ್ಟು ಬಿದ್ದಿರುವ ಸಂಭವವಿದೆ. ಸಾಮಾನ್ಯವಾಗಿ 2-3 ದಿನ ಅಂತರದಲ್ಲಿ ಎರಡು ಮೂರು ಸ್ಯಾಂಪಲ್. ರಕ್ತದ ಕ್ಯಾನ್ಸರಿನಲ್ಲಿ ಅಷ್ಟು ಸಮಯ ಸಿಗುವುದಿಲ್ಲ, ಆಗ ದಿನಕ್ಕೊಂದಾದರೂ ಸರಿ, ಇದ್ದಷ್ಟು ತೆಗೆದಿಡುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ರಕ್ತ ಪರೀಕ್ಷೆ ಜೊತೆಗೇ ಆಗಬೇಕು. ರಿಪೋರ್ಟ್ ಇಲ್ಲದ ವಯಲ್ (ಸ್ಯಾಂಪಲ್ ತುಂಬಿದ ಪುಟ್ಟ ಕೊಳವೆ) ಅನ್ನು ಉಳಿದವರ ವಯಲ್‌ಗಳಿರುವ ಟ್ಯಾಂಕಿಗೆ ಹಾಕುವ ಹಾಗಿಲ್ಲ.

ಗ್ಲಿಸರಾಲ್ ಇರುವ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ, ನೈಟ್ರೋಜನ್ ಆವಿಯಲ್ಲಿ ಕೊಂಚ ಹೊತ್ತು ಹಿಡಿದು, ಆಮೇಲೆ ಮೈನಸ್ 196 ಡಿಗ್ರಿಯ ದ್ರವದಲ್ಲಿ ಮುಳುಗಿಸುತ್ತಾರೆ. ಕರಗಿಸಿದಾಗ ಚಲನೆ ಇರುವ ವೀರ್ಯಾಣು ಸುಮಾರು ಅರ್ಧಕ್ಕೆ ಇಳಿಯುವುದು ಮಾಮೂಲು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು: ಎಷ್ಟು ವಯಲ್ ಇದೆ? ಪರೀಕ್ಷೆಗೆ ಒಂದನ್ನು ಕರಗಿಸಿ ನೋಡಿದ್ದಾರಾ? ಎಣಿಕೆ ಚೆನ್ನಾಗಿದ್ದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ, ಕಡಿಮೆ ಇದ್ದರೆ ಒಂದು ಅಂಡಾಣುವಿಗೆ ಒಂದೇ ವೀರ್ಯಾಣು ಚುಚ್ಚುವ ಇಕ್ಸಿ. ಎಲ್ಲವನ್ನೂ ಒಂದೇ ವಯಲ್‌ನಲ್ಲಿಟ್ಟಿದ್ದರೆ ಒಂದು ಸಲ ಕರಗಿಸಿದರೆ ಮುಗೀತು. ಮತ್ತೆ ಫ್ರೀಜ್ ಮಾಡಿದರೆ ಉಳಿಯೋದು ಬಹಳ ಕಡಿಮೆ.

ಅಪ್ಪನೇ ಇಲ್ಲದ ಮೇಲೆ ಇನ್ನೊಂದು ಸ್ಯಾಂಪಲ್ ಸಿಗುವುದಿಲ್ಲ. ಕೆಲವೇ ವಯಲ್ ಇದ್ದಾಗ ಐಯುಐಗೆ ಸುರಿಯದೆ ನೇರ ಇಕ್ಸಿಗೆ ಹೋಗುವುದು ಜಾಣತನ.

ಕುಕ್ಕರಹಳ್ಳಿ ಓದುಗ

ಇದೇನು ಹೊಸ ವಿಷಯವಲ್ಲ ಬಿಡಿ, ವಿಚಿತ್ರವೀರ್ಯ ಸತ್ತ ಮೇಲೆ ಅಂಬಿಕೆ ಅಂಬಾಲಿಕೆಯರಿಗೆ ಮಕ್ಕಳಾಗಲಿಲ್ಲವೇ? ವಂಶ ಉಳಿಸಲು ನಿಯೋಗ ಇತ್ತು. ದೆಹಲಿ ಹೈಕೋರ್ಟ್ ಅಪ್ಪ-ಅಮ್ಮನಿಗೇ ಮಗನ ವೀರ್ಯ ಕೊಟ್ಟಿದೆಯಲ್ಲ, ಹಾಗಾದರೆ ಅತ್ತೆ-ಮಾವನಿಗೂ ಹಕ್ಕಿರಬೇಕಲ್ಲವೇ?

ಲಷ್ಕರ್ ವಕೀಲ (ಮೈಸೂರು)

ನಿಯೋಗದಲ್ಲಿ ಬೀಜ ವ್ಯಾಸರದ್ದು, ಹೆಸರು ಮಾತ್ರ ಸತ್ತವನದ್ದು. ಇಲ್ಲಿ ತದ್ವಿರುದ್ಧ. ಅಂಬಿಕೆ ಕಣ್ಣು ಮುಚ್ಚಿಕೊಂಡಿದ್ದನ್ನು, ಅಂಬಾಲಿಕೆ ಬಿಳಿಚಿಕೊಂಡಿದ್ದನ್ನು ನೆನೆದರೆ ಅದು ಒಪ್ಪಿಗೆಗೆ ಒಳ್ಳೆಯ ಉದಾಹರಣೆಯೂ ಅಲ್ಲ ಸಾರ್.

ದೆಹಲಿ ತೀರ್ಪಿಗೆ ಬರೋಣ. 2024ರ ಅಕ್ಟೋಬರ್ 4, ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್. ಮಗ ಅವಿವಾಹಿತ, 2020ರ ಜೂನ್‌ನಲ್ಲಿ ಕೀಮೋಗೆ ಮುಂಚೆ ಸ್ಯಾಂಪಲ್ ಇಟ್ಟ, ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ವೀರ್ಯ ಅವನ ಆಸ್ತಿಯ ಭಾಗ, ಹೆಂಡತಿ-ಮಕ್ಕಳು ಇಲ್ಲದ್ದರಿಂದ ತಂದೆ-ತಾಯಿ ವಾರಸುದಾರರು, ಸತ್ತವನ ಒಪ್ಪಿಗೆ ತೋರಿಸಲು ಸಾಧ್ಯವಾದರೆ ಮರಣೋತ್ತರ ಸಂತಾನಕ್ಕೆ ನಮ್ಮ ಕಾನೂನಿನಲ್ಲಿ ನಿಷೇಧವಿಲ್ಲ, ಮಾರಾಟಕ್ಕೆ ಮಾತ್ರ ಬಳಸಕೂಡದು ಅಂತ ಹೇಳಿ ಬಿಡುಗಡೆಗೆ ಆದೇಶಿಸಿದರು. ಘಟನೆ ಎಆರ್‌ಟಿ ಕಾಯ್ದೆ ಬರುವುದಕ್ಕಿಂತ ಹಿಂದಿನದು ಅನ್ನೋದನ್ನು ಮರೆಯಬೇಡಿ. ಇವತ್ತು ಇಟ್ಟ ಸ್ಯಾಂಪಲ್‌ಗೆ ಸೆಕ್ಷನ್ 22ರ ಸೂಚನೆ ಇರಲೇಬೇಕು, ಮೊದಲು ನೋಡುವುದು ಅದನ್ನೇ. ಜೊತೆಗೆ ಅದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ. ಬೆಂಗಳೂರಿನಲ್ಲಿ ಅದನ್ನು ಉಲ್ಲೇಖಿಸಬಹುದು, ಕಟ್ಟುಪಾಡಲ್ಲ.

2021ರ ಜನವರಿಯಲ್ಲಿ ಕಲ್ಕತ್ತಾ ಹೈಕೋರ್ಟ್ ಉಲ್ಟಾ ಹೇಳಿತ್ತು. ಅಲ್ಲಿ ಮಗನಿಗೆ ಮದುವೆಯಾಗಿತ್ತು, ಹೆಂಡತಿ ಬದುಕಿದ್ದರು. ಅಪ್ಪ ಅನ್ನೋ ಕಾರಣಕ್ಕೆ ಮಗನ ವೀರ್ಯದ ಮೇಲೆ ಹಕ್ಕು ಬರುವುದಿಲ್ಲ ಅಂತ ಅರ್ಜಿ ವಜಾ ಆಯಿತು. ನಾಲೆಬಯಲು ಕೇಳಿದ ಪ್ರಶ್ನೆಗೆ ಹತ್ತಿರದ್ದು ಇದೇ, ದೆಹಲಿಯದ್ದಲ್ಲ. ಸೊಸೆ ಇದ್ದಾಳೆ, ಒಲ್ಲೆ ಅಂತಾಳೆ. ಅಲ್ಲಿಗೆ ಅತ್ತೆ-ಮಾವನ ಹಾದಿ ಮುಚ್ಚಿತು ಅಂತಲೇ ನನ್ನ ಅಭಿಪ್ರಾಯ.

ಸರಸ್ವತಿಪುರಂ ಆಪ್ತಸಲಹೆ

ದೆಹಲಿ ತೀರ್ಪು ಓದಿ ಖುಷಿಪಟ್ಟವರು ಮುಂದಿನ ಹೆಜ್ಜೆ ಯೋಚಿಸಿಲ್ಲ. ವಯಲ್ ಕೈಗೆ ಬಂತು ಅಂತಿಟ್ಟುಕೊಳ್ಳಿ. ಗರ್ಭ ಯಾರದು?

ಬಾಡಿಗೆ ತಾಯ್ತನ ಕಾಯ್ದೆಯಲ್ಲಿ ಅರ್ಜಿ ಹಾಕಲು ಬರುವವರು ಎರಡೇ ಬಗೆ. ಒಂದು, ದಂಪತಿ: ಹೆಂಗಸಿಗೆ 23ರಿಂದ 50, ಗಂಡಸಿಗೆ 26ರಿಂದ 55, ಸಾಮಾನ್ಯವಾಗಿ ಬದುಕಿರುವ ಮಗು ಇರಬಾರದು. ಎರಡು, 35ರಿಂದ 45ರೊಳಗಿನ ವಿಧವೆ ಅಥವಾ ವಿಚ್ಛೇದಿತೆ. ಅಜ್ಜ-ಅಜ್ಜಿ ಅನ್ನುವ ವರ್ಗವೇ ಇಲ್ಲ. ಗರ್ಭ ಹೊರುವವಳು ಮದುವೆಯಾಗಿ ಸ್ವಂತ ಮಗು ಇರುವ 25ರಿಂದ 35ರ ಹೆಂಗಸಾಗಿರಬೇಕು, ಬದುಕಿನಲ್ಲಿ ಒಮ್ಮೆ ಮಾತ್ರ, ಹಣ ಪಡೆಯುವಂತಿಲ್ಲ, 36 ತಿಂಗಳ ವಿಮೆ ಮಾಡಿಸಿರಬೇಕು. "ಊರಲ್ಲಿ ಯಾರಾದ್ರೂ ಬಡವರ ಮನೆ ಹೆಣ್ಣುಮಗಳನ್ನ ನೋಡೋಣ" ಅನ್ನೋ ಮಾತು ಇಲ್ಲಿಗೇ ನಿಲ್ಲಬೇಕು, ಅದು ಅಪರಾಧ.

ವಿದೇಶಕ್ಕೆ ಕಳಿಸೋಣ ಅಂದರೆ ಎಆರ್‌ಟಿ ಕಾಯ್ದೆಯ ಸೆಕ್ಷನ್ 29 ಅಡ್ಡ ಬರುತ್ತೆ. ಸ್ವಂತ ಬಳಕೆಗೆ, ರಾಷ್ಟ್ರೀಯ ಮಂಡಳಿಯ ಅನುಮತಿ ಪಡೆದು ಮಾತ್ರ ಗಡಿ ದಾಟಿಸಬಹುದು.

ಹೆದ್ದಾರಿ ತುರ್ತು

ಫ್ರೀಜ್ ಮಾಡಿಸಿಲ್ಲದವರ ಕಥೆ ಯಾರೂ ಎತ್ತಿಲ್ಲ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಅಪಘಾತ, ಗಂಡ ವೆಂಟಿಲೇಟರ್‌ನಲ್ಲಿ, ಹೆಂಡತಿ ವೀರ್ಯ ತೆಗೆಸಿ ಅಂತ ಕೇಳುತ್ತಾಳೆ. ಆಸ್ಪತ್ರೆ ಏನು ಮಾಡಬೇಕು?

ಜೀವ ಇರುವಾಗಲೇ ಕೋರ್ಟಿಗೆ ಹೋಗುವುದು ಸರಿಯಾದ ದಾರಿ. 2021ರ ಜುಲೈನಲ್ಲಿ ಗುಜರಾತ್ ಹೈಕೋರ್ಟ್ ಕೋವಿಡ್‌ನಿಂದ ಅಂಗಾಂಗ ವೈಫಲ್ಯವಾಗಿದ್ದ ವಡೋದರಾದ ರೋಗಿಯ ಹೆಂಡತಿಗೆ ಅನುಮತಿ ಕೊಟ್ಟಿತು. ವೀರ್ಯ ತೆಗೆದಿಟ್ಟ ಸ್ವಲ್ಪದರಲ್ಲೇ ಆತ ತೀರಿಕೊಂಡ. 2024ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ಕೂಡ ಪ್ರಜ್ಞೆಯಿಲ್ಲದ ಗಂಡನಿಂದ ತೆಗೆದು ಫ್ರೀಜ್ ಮಾಡಲು ಬಿಟ್ಟಿತು, ಆದರೆ ಮುಂದಿನ ಯಾವ ಪ್ರಕ್ರಿಯೆಯನ್ನೂ ಕೋರ್ಟಿನ ಅಪ್ಪಣೆಯಿಲ್ಲದೆ ಮಾಡಕೂಡದು ಅಂತ ಕಟ್ಟುಹಾಕಿತು. ಮಂಡ್ಯ, ಮೈಸೂರು ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿದ್ದು, ರಿಟ್ ಅಲ್ಲೇ ಹಾಕಬೇಕು. ಕೇಳುವಾಗಲೂ "ತೆಗೆದು ಇಡಲು" ಅಷ್ಟನ್ನೇ ಕೇಳಿ. ಬಳಕೆಯನ್ನೂ ಸೇರಿಸಿದರೆ ವಾದ ಬೆಳೆಯುತ್ತೆ, ರೋಗಿಗೆ ಅಷ್ಟು ಸಮಯ ಇರಲ್ಲ.

ಉಸಿರು ನಿಂತ ಮೇಲೆ ಗಡಿಯಾರ ಓಡುತ್ತೆ. 24 ಗಂಟೆಯೊಳಗೆ ಒಳ್ಳೆಯದು, 36ರ ತನಕ ಸಿಗಬಹುದು, ಆಮೇಲೆ ಆಸೆ ತೆಳುವಾಗುತ್ತೆ. ದೇಹ ಶೀತಲ ಪೆಟ್ಟಿಗೆಯಲ್ಲಿದ್ದರೆ ಅನುಕೂಲ, ಬೇಸಿಗೆಯಲ್ಲಿ ಹೊರಗೆ ಬಿದ್ದಿದ್ದರೆ ಲೆಕ್ಕವೇ ಬೇರೆ. ಅಪಘಾತ ಅಂದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ), ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) ಸೆಕ್ಷನ್ 194ರ ಪಂಚನಾಮೆ, ಮರಣೋತ್ತರ ಪರೀಕ್ಷೆ. ತನಿಖಾಧಿಕಾರಿಗೆ ತಿಳಿಸದೆ, ಶವಪರೀಕ್ಷೆಯ ವೈದ್ಯರಿಗೆ ಹೇಳದೆ ದೇಹಕ್ಕೆ ಕತ್ತರಿ ಹಾಕಿದರೆ ಅದೇ ಇನ್ನೊಂದು ಕೇಸ್.

ಶೈತ್ಯ_196

ಇದಕ್ಕೆ ಸೇರಿಸಿ: ಶವದಿಂದ ತೆಗೆಯುವುದೆಂದರೆ ವೃಷಣದ ಅಂಗಾಂಶ ಅಥವಾ ಅದರ ಪಕ್ಕದ ಎಪಿಡಿಡಿಮಿಸ್‌ನಿಂದ ತೆಗೆಯುವುದು. ಅಂಗಾಂಶವನ್ನು ಐವಿಎಫ್ ಲ್ಯಾಬಿನ ಮೀಡಿಯಂನಲ್ಲಿ (ಜೀವಕೋಶ ಉಳಿಸುವ ದ್ರವ) ಹಾಕಿ ಸಾಗಿಸಬೇಕು. ಆಪರೇಷನ್ ಥಿಯೇಟರಿನ ಅಭ್ಯಾಸಬಲದಿಂದ ಬಯಾಪ್ಸಿ ಅಂದುಕೊಂಡು ಫಾರ್ಮಲಿನ್ ಡಬ್ಬಿಗೆ ಹಾಕಿದರೆ ಕ್ಷಣದಲ್ಲಿ ಎಲ್ಲ ಸತ್ತಿತು. ತೆಗೆಯುವ ಮುಂಚೆಯೇ ಎಆರ್‌ಟಿ ಲ್ಯಾಬಿನವರು ಮೀಡಿಯಂ ಸಮೇತ ಅಲ್ಲಿರಬೇಕು. ಸೋಂಕು ಪರೀಕ್ಷೆಗೆ ರಕ್ತ ಅದೇ ಹೊತ್ತಿಗೆ ತೆಗೆದುಕೊಳ್ಳಿ, ಅಂತ್ಯಸಂಸ್ಕಾರ ಆದ ಮೇಲೆ ಎಲ್ಲಿಂದ ತರ್ತೀರಿ? ಹೀಗೆ ಸಿಕ್ಕ ವೀರ್ಯಾಣುವಿಗೆ ಇಕ್ಸಿ ಬಿಟ್ಟು ಬೇರೆ ದಾರಿಯಿಲ್ಲ. ಲೆವೆಲ್ 1 ಕ್ಲಿನಿಕ್‌ಗಳು ಐಯುಐ ಮಟ್ಟದವು. ನೋಂದಣಿ ಪತ್ರದಲ್ಲಿ ಲೆವೆಲ್ 2 ಅಂತ ಇದೆಯಾ ನೋಡಿಕೊಳ್ಳಿ.

ಸರಸ್ವತಿಪುರಂ ಆಪ್ತಸಲಹೆ

ನಾನು ಇಲ್ಲಿ ಭಿನ್ನಮತದವಳು. ಏನೂ ಬರೆದಿಡದವನ ದೇಹದಿಂದ ತೆಗೆಯುವುದು ಕಾನೂನಿನಲ್ಲಿ ಸಾಧ್ಯವಿರಬಹುದು, ನ್ಯಾಯವಾ ಅನ್ನೋದು ಬೇರೆ. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘ 2018ರ ನಿಲುವಿನಲ್ಲಿ, ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಬದುಕಿರುವ ಸಂಗಾತಿಯ ಕೋರಿಕೆಯನ್ನು ಮಾತ್ರ ಪರಿಗಣಿಸಬೇಕು ಅಂದಿದೆ. ಬ್ರಿಟನ್ನಿನಲ್ಲಿ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತೆಯೇ ಇಲ್ಲ. ಡಯೇನ್ ಬ್ಲಡ್ ಎಂಬ ವಿಧವೆ 1997ರಲ್ಲಿ ಕೋರ್ಟಿನಲ್ಲಿ ಹೋರಾಡಿ ಗಂಡನ ವೀರ್ಯವನ್ನು ಬೆಲ್ಜಿಯಂಗೆ ಒಯ್ಯಬೇಕಾಯಿತು. ಆಕೆಯ ಮಕ್ಕಳ ಜನನ ದಾಖಲೆಯಲ್ಲಿ ಅಪ್ಪನ ಹೆಸರು ಸೇರಿಸಲು 2003ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಜರ್ಮನಿಯಲ್ಲಿ ಇದಕ್ಕೆ ನಿಷೇಧವಿದೆ. ಇಸ್ರೇಲಿನಲ್ಲಿ ನೇರ ಉಲ್ಟಾ, 2023ರ ಅಕ್ಟೋಬರ್ ನಂತರ ಸತ್ತ ಸೈನಿಕರ ತಂದೆ-ತಾಯಿ ಕೇಳಿದರೂ ತೆಗೆಯಲು ಸಡಿಲಿಕೆ ಕೊಟ್ಟರು.

ನಮ್ಮ ಕಡೆಯ ತೊಂದರೆ ಇನ್ನೊಂದು ಬಗೆಯದು. ಹನ್ನೊಂದನೇ ದಿನದ ಕಾರ್ಯ ಮುಗಿಯುವ ಮುಂಚೆಯೇ "ಅವನ ಗುರುತು ಒಂದು ಉಳಿಯಲಿ ಕಣಮ್ಮ" ಅಂತ ಶುರುವಾಗುತ್ತೆ. ಗಂಡನ ಪಾಲು ತನಗೆ ಸಿಗಬೇಕಾದರೆ ಮಗು ಇರಬೇಕು ಅಂತ ಸೊಸೆಯೂ ನಂಬಿರುತ್ತಾಳೆ. ಹಾಗೇನಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಧವೆ ಒಂದನೇ ವರ್ಗದ (ಆಸ್ತಿ ಮೊದಲು ಹೋಗುವ ಗುಂಪಿನ) ವಾರಸುದಾರಳು, ಮಗು ಇರಲಿ ಬಿಡಲಿ. ಒಮ್ಮೆ ಬಂದ ಆಸ್ತಿ ಮರುಮದುವೆಯಾದರೂ ಕೈಬಿಡುವುದಿಲ್ಲ. 2005ರಲ್ಲಿ ಕಿತ್ತುಹಾಕಿದ ಸೆಕ್ಷನ್ 24 ಇದ್ದದ್ದು ಮೊದಲೇ ತೀರಿಕೊಂಡ ಮಗನ ವಿಧವೆ, ಸೋದರನ ವಿಧವೆಯಂಥವರಿಗೆ, ಸ್ವಂತ ಗಂಡನ ಆಸ್ತಿಗಲ್ಲ. ಇಷ್ಟು ತಿಳಿದ ಮೇಲೂ ಮಗು ಬೇಕು ಅಂದರೆ ಅದು ಅವಳ ಆಸೆ. ಯುರೋಪಿನ ವೈದ್ಯರ ಸಂಘ ಕನಿಷ್ಠ ಒಂದು ವರ್ಷ ಕಾಯಲು ಹೇಳುತ್ತೆ. ಆಪ್ತಸಲಹೆಗೆ ಅವಳೊಬ್ಬಳೇ ಬರಲಿ, ಅತ್ತೆ ಹೊರಗೆ ಕೂತಿರಲಿ. ಎದುರಿಗೆ ಅವರು ಕೂತಿದ್ದರೆ "ಹೂಂ" ಬಿಟ್ಟು ಬೇರೆ ಮಾತು ಹೊರಡುವುದಿಲ್ಲ.

ಪಹಣಿ ಪುಟ (ಮಂಡ್ಯ)

ಮೂರನೇ ಪ್ರಶ್ನೆ, ಜಮೀನು. ಲೆಕ್ಕ ಹಾಕಿ ಹೇಳ್ತೀನಿ. ಸತ್ತವನ ಸ್ವಂತ ಹೆಸರಿನಲ್ಲಿ ನಾಲೆ ಬಯಲಿನ 2 ಎಕರೆ 20 ಗುಂಟೆ, ಅಂದರೆ 100 ಗುಂಟೆ. ಉಯಿಲು ಇಲ್ಲ. ತಾಯಿ ಇದ್ದಾರೆ, ಹೆಂಡತಿ ಇದ್ದಾಳೆ. ತಲಾ 50 ಗುಂಟೆ. ಅಪ್ಪ ಎರಡನೇ ವರ್ಗದವರು, ಒಂದನೇ ವರ್ಗದವರಿರುವಾಗ ಅವರಿಗೆ ಏನೂ ಇಲ್ಲ. ಎರಡು ವರ್ಷ ಬಿಟ್ಟು ಹುಟ್ಟಿದ ಮಗುವೂ ವಾರಸುದಾರ ಅಂದರೆ ತಲಾ 33 ಗುಂಟೆ 5 ಆಣೆ ಚಿಲ್ಲರೆ. ಅತ್ತೆಯ 50ರಲ್ಲಿ ಸುಮಾರು 17 ಗುಂಟೆ ಹೋಯಿತು. ಮೊಮ್ಮಗು ಬೇಕು ಅಂತಿದ್ದವರೇ ಸೊಸೆ ಮೇಲೆ ತಕರಾರು ತೆಗೆಯುವುದು ಈ ಹಂತದಲ್ಲಿ.

ಕಾನೂನು ಏನನ್ನುತ್ತೆ? ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಸೆಕ್ಷನ್ 20: ಸಾಯುವ ಹೊತ್ತಿಗೆ ಹೊಟ್ಟೆಯಲ್ಲಿದ್ದು ಆಮೇಲೆ ಜೀವಂತ ಹುಟ್ಟಿದ ಮಗುವಿಗೆ ಪೂರ್ತಿ ಹಕ್ಕು. ನೈಟ್ರೋಜನ್ ಕ್ಯಾನಿನಲ್ಲಿದ್ದ ವೀರ್ಯ ಹೊಟ್ಟೆಯಲ್ಲಿದ್ದ ಮಗು ಅಲ್ಲ, ಫ್ರೀಜ್ ಆದ ಭ್ರೂಣವೂ ಗರ್ಭಕ್ಕೆ ಸೇರಿರಲಿಲ್ಲ. ಪದಶಃ ಓದಿದರೆ ಮಗು ಹೊರಗೆ. ಅಷ್ಟರಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆ ಆಗಿರುತ್ತೆ, ಪಹಣಿಯಲ್ಲಿ ಇಬ್ಬರ ಹೆಸರು ಕೂತಿರುತ್ತೆ. ಖಾತೆ ಆದ ಮಾತ್ರಕ್ಕೆ ಹಕ್ಕು ಸಾಬೀತಾಗಲ್ಲ ನಿಜ, ಆದರೆ ಆಮೇಲೆ ಬದಲಾಯಿಸಬೇಕಾದರೆ ಸಿವಿಲ್ ಕೋರ್ಟ್ ಮೆಟ್ಟಿಲೇ ಗತಿ.

ಲಷ್ಕರ್ ವಕೀಲ (ಮೈಸೂರು)

ಪಹಣಿ ಪುಟದವರು ಹೇಳಿದ್ದಕ್ಕೆ ಎದುರು ವಾದವೂ ಇದೆ. ಎಆರ್‌ಟಿ ಕಾಯ್ದೆಯ ಸೆಕ್ಷನ್ 31 ಪ್ರಕಾರ ಹೀಗೆ ಹುಟ್ಟಿದ ಮಗು ದಂಪತಿಯ ಜೈವಿಕ ಮಗು, ಸಹಜ ಮಗುವಿನ ಎಲ್ಲ ಹಕ್ಕೂ ಅದಕ್ಕುಂಟು. ಗಂಡ-ಹೆಂಡತಿ ಇಬ್ಬರೂ ಸೇರಿ ಸಹಿ ಮಾಡಿ ಭ್ರೂಣ ಇಟ್ಟಿದ್ದರೆ ಈ ವಾದಕ್ಕೆ ಬಲ ಹೆಚ್ಚು. ಹೆಂಡತಿ ಒಂಟಿಯಾಗಿ ಅರ್ಜಿ ಹಾಕಿದ್ದರೆ ಬಲ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿ ಸತ್ತ ಗಂಡನ ವೀರ್ಯದಿಂದ ಹುಟ್ಟಿದ ಮಗುವನ್ನು ಔರಸ (ಕಾನೂನುಬದ್ಧ) ಸಂತಾನ ಅಂತಲೇ ಎಣಿಸಬೇಕು ಅಂದಿತ್ತು. ಅದು ಮಾರ್ಗಸೂಚಿ, ಕಾಯ್ದೆಯಲ್ಲ. ಮಗು ಗಂಡನದೇ ಅನ್ನುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 116ರ ಊಹೆ ಗಂಡ ಸತ್ತ 280 ದಿನದೊಳಗೆ ಹುಟ್ಟಿದವರಿಗೆ ಮಾತ್ರ. ಆಮೇಲೆ ಹುಟ್ಟಿದರೆ ನಾವೇ ಸಾಬೀತು ಮಾಡಬೇಕು, ಆದ್ದರಿಂದ ಕ್ಲಿನಿಕ್ ದಾಖಲೆ, ವಯಲ್ ಸಂಖ್ಯೆ, ಕರಗಿಸಿದ ದಿನಾಂಕ ಎಲ್ಲದರ ಪ್ರತಿ ಇಟ್ಟುಕೊಳ್ಳಿ. ಒಂದು ವಯಲ್ ಉಳಿಸಿಕೊಂಡರೆ ಡಿಎನ್‌ಎಗೆ ಅದೇ ಸಾಕ್ಷಿ.

ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಕಪಾಟೊ ಪ್ರಕರಣದಲ್ಲಿ, ಅಪ್ಪ ಸತ್ತ 18 ತಿಂಗಳಿಗೆ ಹುಟ್ಟಿದ ಅವಳಿಗಳಿಗೆ ಸರ್ಕಾರಿ ಭತ್ಯೆ ಇಲ್ಲ ಅಂದಿತು. ರಕ್ತಸಂಬಂಧದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅಪ್ಪ ವಾಸವಿದ್ದ ಫ್ಲೋರಿಡಾ ರಾಜ್ಯದ ಉತ್ತರಾಧಿಕಾರ ಕಾನೂನಿನಲ್ಲಿ ಜಾಗವಿರಲಿಲ್ಲ ಅಷ್ಟೇ.

ಹೀಗಾಗಿ ಬದುಕಿರುವಾಗಲೇ ಉಯಿಲು ಬರೆಸುವುದು ಲೇಸು. "ಮುಂದೆ ಹುಟ್ಟುವ ನನ್ನ ಮಗುವಿಗೆ" ಅಂತ ನೇರವಾಗಿ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಭಾರತೀಯ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 113 ಪ್ರಕಾರ ಇನ್ನೂ ಇಲ್ಲದ ವ್ಯಕ್ತಿಗೆ ಕೊಡಬೇಕಾದರೆ ಮೊದಲು ಬದುಕಿರುವ ಯಾರಿಗಾದರೂ ಅನುಭವದ ಹಕ್ಕು ಕೊಟ್ಟಿರಬೇಕು, ಆಮೇಲೆ ಉಳಿದದ್ದು ಪೂರ್ತಿಯಾಗಿ ಮಗುವಿಗೆ ಹೋಗಬೇಕು. ಹೆಂಡತಿಗೆ ಜೀವಿತಾವಧಿ ಅನುಭವ, ನಂತರ ಸಂಪೂರ್ಣ ಹಕ್ಕು ಮಗುವಿಗೆ, ಮಗು ಹುಟ್ಟದೇ ಇದ್ದರೆ ಇಂಥವರಿಗೆ ಅಂತ ಬರೆಸಿ. ಮಗುವಿಗೆ ಅರ್ಧಂಬರ್ಧ, ಷರತ್ತಿನ ಹಕ್ಕು ಬರೆದರೆ ಆ ಭಾಗ ಬಿದ್ದುಹೋಗುತ್ತೆ. ಇಬ್ಬರು ಸಾಕ್ಷಿಗಳು ಕಡ್ಡಾಯ, ನೋಂದಣಿ ಐಚ್ಛಿಕ. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ, ಕ್ಯಾನ್ಸರ್ ರೋಗಿಯ ಉಯಿಲಿಗೆ "ಬುದ್ಧಿ ಸ್ವಾಧೀನದಲ್ಲಿರಲಿಲ್ಲ" ಅನ್ನೋ ತಕರಾರು ಬಂದೇ ಬರುತ್ತೆ.

ಕುಕ್ಕರಹಳ್ಳಿ ಓದುಗ

ಹೆಂಡತಿ ತೀರಿಕೊಂಡು ಗಂಡ ಉಳಿದರೆ? ಭ್ರೂಣ ಇಬ್ಬರದೂ ಇದೆ ಅಂತಿಟ್ಟುಕೊಳ್ಳಿ.

ಸರಸ್ವತಿಪುರಂ ಆಪ್ತಸಲಹೆ

ಬಾಡಿಗೆ ತಾಯ್ತನ ಕಾಯ್ದೆಯಲ್ಲಿ ಒಂಟಿ ಗಂಡಸಿಗೆ ಅವಕಾಶವಿಲ್ಲ. ವಿಧವೆಗೆ ಇದೆ, ವಿಧುರನಿಗೆ ಇಲ್ಲ. ಭ್ರೂಣವನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತೆಯೂ ಇಲ್ಲ. ಈ ತಾರತಮ್ಯವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದಕ್ಕೆ ಧಾರಾಳ ಜಾಗವಿದೆ ಅನ್ನೋದು ನನ್ನ ಅನಿಸಿಕೆ.

ನಾಲೆಬಯಲು (ಮಂಡ್ಯ)

ಎಲ್ಲರಿಗೂ ವಂದನೆ. ಕೊನೆಯದು: ಗಂಡ ತೀರಿಕೊಂಡ ವಾರ ಹೆಂಡತಿ ಮಾಡಬೇಕಾದ್ದು ಏನು?

ಲಷ್ಕರ್ ವಕೀಲ (ಮೈಸೂರು)

ನಿರ್ಧಾರ ಏನೂ ಬೇಡ. ಒಂದು ಪತ್ರ ಸಾಕು. ಸ್ಯಾಂಪಲ್ ಇಟ್ಟ ಕ್ಲಿನಿಕ್‌ಗೆ ಅಥವಾ ವೀರ್ಯ ಬ್ಯಾಂಕಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ, ಒಂದು ಪ್ರತಿ ಇಮೇಲ್‌ನಲ್ಲಿ. ಗಂಡನ ಹೆಸರು, ನೋಂದಣಿ ಸಂಖ್ಯೆ, ಸ್ಯಾಂಪಲ್ ಇಟ್ಟ ದಿನಾಂಕ, ಮರಣದ ದಿನಾಂಕ. "ನನ್ನ ಲಿಖಿತ ಸೂಚನೆ ಅಥವಾ ನ್ಯಾಯಾಲಯದ ಆದೇಶ ಇಲ್ಲದೆ ನಾಶಪಡಿಸಬೇಡಿ, ಬೇರೆ ಯಾರಿಗೂ ಹಸ್ತಾಂತರಿಸಬೇಡಿ" ಅನ್ನೋ ಸಾಲು. ಗಂಡ ಸಹಿ ಮಾಡಿದ ಒಪ್ಪಿಗೆ ಪತ್ರದ ದೃಢೀಕೃತ ಪ್ರತಿ ಕೇಳಿ. ಸಂಗ್ರಹಣಾ ಶುಲ್ಕ ಯಾವಾಗಿನ ತನಕ ಕಟ್ಟಿದೆ, ಮುಂದಿನ ಕಂತು ಯಾವಾಗ ಅಂತ ಕೇಳಿ, ಕಂತನ್ನು ನಿಮ್ಮ ಖಾತೆಯಿಂದಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ನವೀಕರಣದ ನೋಟಿಸ್ ಸತ್ತವನ ಮೊಬೈಲಿಗೇ ಹೋಗಿ, ಯಾರೂ ನೋಡದೆ ಗಡುವು ದಾಟುವುದುಂಟು. ಆ ಸಿಮ್ ಬಂದ್ ಮಾಡಿಸಬೇಡಿ, ಕ್ಲಿನಿಕ್‌ನಲ್ಲಿ ನಿಮ್ಮ ನಂಬರ್ ದಾಖಲಾಗುವ ತನಕ.

ಶೈತ್ಯ_196

ಎಷ್ಟು ವಯಲ್ ಇದೆ ಅನ್ನೋದನ್ನೂ ಆ ಪತ್ರದಲ್ಲೇ ಕೇಳಿ, ಉತ್ತರ ಬರಹದಲ್ಲಿ ಬರಲಿ. ಕ್ಲಿನಿಕ್ ಬದಲಾಯಿಸುವುದಾದರೆ ದ್ರವ ನೈಟ್ರೋಜನ್ ಹೀರಿಸಿಟ್ಟ ಒಣ ಶಿಪ್ಪರ್ ಡಬ್ಬಿಯಲ್ಲೇ ಸಾಗಿಸಬೇಕು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ತಂದರೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಏನೂ ಉಳಿದಿರಲ್ಲ.